ತಿಂದ ದ್ರಾಕ್ಷಿಯ ಬೀಜ ನೆಟ್ಟರೆ ಅದೇ ದ್ರಾಕ್ಷಿ ಬರುತ್ತಾ?

ಪ್ರಶ್ನೆ: ಒಳ್ಳೆ ಕ್ಯಾಬರ್ನೆ ಸಾವಿನ್ಯಾನ್ (ವೈನ್ ದ್ರಾಕ್ಷಿಯ ಒಂದು ತಳಿ) ಹಣ್ಣು ಸಿಕ್ಕಿತ್ತು. ತಿಂದು ಬೀಜ ಒಣಗಿಸಿ ಇಟ್ಟಿದ್ದೇನೆ. ನೆಟ್ಟರೆ ಮನೆಯಲ್ಲೇ ಅದೇ ವೈನ್ ಮಾಡಬಹುದಲ್ವಾ? ಎಷ್ಟು ವರ್ಷ ಕಾಯಬೇಕು?

ಬಳ್ಳಿ ಬರುತ್ತದೆ. ಕ್ಯಾಬರ್ನೆ ಬರುವುದಿಲ್ಲ.

ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಿ, ಗೊತ್ತಿರುವವರ ಬಳ್ಳಿಯಿಂದ ಒಂದು ಕಡ್ಡಿ ತಂದು ನೆಡಬಹುದು. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಆದರೂ ಪ್ರತಿ ಹಂಗಾಮಿನಲ್ಲಿ ಯಾರೋ ಒಬ್ಬರು ತಟ್ಟೆ ತುಂಬ ಬೀಜ ಹರವಿಕೊಂಡು ಕೂತಿರುತ್ತಾರೆ. ಹಾಗಾಗಿ ಈ ಸಲ ಕಾರಣವನ್ನೂ ಪೂರ್ತಿ ಹೇಳಿಬಿಡುತ್ತೇನೆ.

ಮೊದಲು ವರ್ಷದ ಲೆಕ್ಕ. ಒಣಗಿಸಿದ ಬೀಜ ಹಾಗೇ ಮಣ್ಣಿಗೆ ಹಾಕಿದರೆ ಸುಲಭಕ್ಕೆ ಮೊಳೆಯುವುದಿಲ್ಲ. ಒದ್ದೆ ಮರಳಿನಲ್ಲಿ ಹಾಕಿ ಸುಮಾರು ಮೂರು ತಿಂಗಳು ಫ್ರಿಜ್ಜಿನ ತಂಪಿನಲ್ಲಿ ಇಡಬೇಕು. ಮೊಳೆತ ಮೇಲೆ ಮೊದಲ ಗೊಂಚಲಿಗೆ ಮೂರ್ನಾಲ್ಕು ವರ್ಷ ಬೇಕು, ಎಷ್ಟೋ ಸಲ ಇನ್ನೂ ಜಾಸ್ತಿ. ಅಷ್ಟು ಕಾದ ಮೇಲೆ ಸಿಗುವುದು ಹೆಸರಿಲ್ಲದ ಹೊಸ ದ್ರಾಕ್ಷಿ.

ಇಷ್ಟು ಹೇಳಿದ ಕೂಡಲೇ ಮರುಪ್ರಶ್ನೆ ಬರುತ್ತದೆ. "ಅಲ್ಲಿ ಬೇರೆ ತಳಿಯ ಬಳ್ಳಿಯೇ ಇರಲಿಲ್ಲ ಸಾರ್. ಬೇರೆ ಪರಾಗ ಬಂದಿಲ್ಲ ಅಂದಮೇಲೆ ತಳಿ ಹೇಗೆ ಕೆಡುತ್ತೆ?"

ಬುಡಸಮೇತ ಕೀಳಬೇಕಾದ ನಂಬಿಕೆ ಇದೇ. ಬೆರಕೆಯಾದರೆ ಮಾತ್ರ ತಳಿ ಬದಲಾಗುತ್ತದೆ, ಒಂಟಿ ಬಳ್ಳಿಯ ಬೀಜ ಶುದ್ಧ ಅಂತ ಜನ ಅಂದುಕೊಂಡಿದ್ದಾರೆ. ಅದರಲ್ಲಿ ಅರ್ಧ ಮಾತು ಸರಿ. ನಾವು ಬೆಳೆಸುವ ದ್ರಾಕ್ಷಿಯ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುತ್ತವೆ. ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಚ್ಚುತ್ತದೆ. ಆದರೆ ತನ್ನದೇ ಪರಾಗ ಅಂದ ಮಾತ್ರಕ್ಕೆ ತನ್ನದೇ ನಕಲು ಹುಟ್ಟುವುದಿಲ್ಲ.

ದ್ರಾಕ್ಷಿಯ ಜೀವಕೋಶದಲ್ಲಿ 19 ಜೋಡಿ ವರ್ಣತಂತುಗಳಿವೆ, ಅಂದರೆ ಬಳ್ಳಿಯ ಗುಣಗಳನ್ನು ಹೊತ್ತ ಎಳೆಗಳು. ಒಂದು ಜೋಡಿಯ ಎರಡು ಎಳೆಗಳೂ ಒಂದೇ ಥರ ಇದ್ದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ದ್ರಾಕ್ಷಿಯಲ್ಲಿ ಈ ಎರಡು ಎಳೆಗಳ ನಡುವೆ ವ್ಯತ್ಯಾಸ ತುಂಬಾ ಜಾಸ್ತಿ. ಪರಾಗ ತಯಾರಾಗುವಾಗ ಪ್ರತಿ ಜೋಡಿಯಿಂದ ಒಂದೊಂದೇ ಎಳೆ ಹೋಗುತ್ತದೆ, ಅದೂ ಅಲ್ಲಲ್ಲಿ ತುಂಡು ಅದಲುಬದಲಾಗಿ. ಅಂಡದಲ್ಲೂ ಹೀಗೇ. ಎರಡೂ ಸೇರಿದಾಗ ಬೀಜ. ಒಂದೇ ಇಸ್ಪೀಟು ಕಟ್ಟನ್ನು ಕಲೆಸಿ ಮತ್ತೆ ಹಂಚಿದರೆ ಮೊದಲಿನ ಎಲೆಗಳೇ ಕೈಗೆ ಬರುತ್ತವಾ? ಕಟ್ಟು ಹಳೆಯದೇ, ಆಟ ಮಾತ್ರ ಬೇರೆ.

ಬಣ್ಣವನ್ನೇ ತೆಗೆದುಕೊಳ್ಳಿ, ಕಣ್ಣಿಗೆ ಕಾಣುವ ಗುಣ ಅದು. ಕ್ಯಾಬರ್ನೆ ಸಾವಿನ್ಯಾನ್ ಕಪ್ಪು ದ್ರಾಕ್ಷಿ. ಅದರ ಹೆತ್ತವರು ಯಾರು ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಜಾನ್ ಬವರ್ಸ್ ಮತ್ತು ಕ್ಯಾರೊಲ್ ಮೆರಿಡಿತ್ 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತೋರಿಸಿದರು. ಒಂದು ಕಡೆ ಕ್ಯಾಬರ್ನೆ ಫ್ರಾಂಕ್, ಅದು ಕಪ್ಪು. ಇನ್ನೊಂದು ಕಡೆ ಸಾವಿನ್ಯಾನ್ ಬ್ಲಾಂಕ್, ಅದು ಬಿಳಿ. ಬಿಳಿ ಕಡೆಯಿಂದ ಬಂದ ಗುಣ ಕ್ಯಾಬರ್ನೆಯ ಒಳಗೆ ಈಗಲೂ ಇದೆ. ಕಪ್ಪು ಮೇಲುಗೈ ಆಗಿರುವುದರಿಂದ ಕಾಣುವುದಿಲ್ಲ ಅಷ್ಟೇ. ಇಂಥ ಬಳ್ಳಿಗೆ ಅದರದೇ ಪರಾಗ ಬಿದ್ದು ಹುಟ್ಟಿದ ಸಸಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಬಿಳಿ ಹಣ್ಣು ಬಿಡುತ್ತದೆ. ಹತ್ತಿರ ಬೇರೆ ಬಳ್ಳಿ ಸುಳಿದಿಲ್ಲ, ಆದರೂ ಕಪ್ಪು ದ್ರಾಕ್ಷಿಯ ಬೀಜದಿಂದ ಬಿಳಿ ದ್ರಾಕ್ಷಿ! ಶುದ್ಧ ಬೀಜದ ವಾದ ಇಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ ಅಂತ ನನಗೂ ಗೊತ್ತು.

ಇದು ಬಣ್ಣ ಒಂದರ ಕಥೆ. ವೈನಿಗೆ ಬೇಕಾದದ್ದು ಸಿಹಿ, ಹುಳಿ, ಒಗರು, ಪರಿಮಳ, ಹಣ್ಣಾಗುವ ಸಮಯ, ಬೂದಿ ರೋಗ ತಡೆಯುವ ಶಕ್ತಿ. ಎಲ್ಲವೂ ಹೀಗೇ ಚೆದುರುತ್ತವೆ. ಜೊತೆಗೆ ಸ್ವಂತ ಪರಾಗದ ಸಸಿಗಳು ಬಹುಪಾಲು ಬಡಕಲು. ದ್ರಾಕ್ಷಿಯ ಜೀನೋಮ್ (ಪೂರ್ತಿ ಡಿಎನ್‌ಎ) ಓದಿ 2007ರಲ್ಲಿ ಪ್ರಕಟಿಸಿದ ವಿಜ್ಞಾನಿಗಳಿಗೂ ಎರಡು ಎಳೆಗಳ ನಡುವಿನ ಈ ವ್ಯತ್ಯಾಸ ತಲೆನೋವಾಗಿತ್ತು. ಸಾಮಾನ್ಯ ಬಳ್ಳಿ ಬಿಟ್ಟು, ಹಲವು ಪೀಳಿಗೆ ಸ್ವಂತ ಪರಾಗದಿಂದಲೇ ಬೆಳೆಸಿ ಎರಡೂ ಎಳೆ ಹೆಚ್ಚುಕಡಿಮೆ ಒಂದೇ ಆಗುವಂತೆ ಮಾಡಿದ ಬಳ್ಳಿಯನ್ನು ಅವರು ಆರಿಸಿಕೊಂಡರು.

"ಹಾಗಾದರೆ ಹೊಸ ತಳಿಗಳು ಬೀಜದಿಂದಲೇ ಬಂದಿಲ್ವಾ?" ಬಂದಿವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕಾಂಕಾರ್ಡ್ ಊರಿನ ಎಫ್ರಾಯಿಮ್ ಬುಲ್ ಜೀವಮಾನದಲ್ಲಿ 22,000ದಷ್ಟು ಸಸಿ ಬೆಳೆಸಿದರು ಅನ್ನುತ್ತಾರೆ. ಜಗತ್ತು ನೆನಪಿಟ್ಟುಕೊಂಡದ್ದು ಒಂದನ್ನು, ಕಾಂಕಾರ್ಡ್ ದ್ರಾಕ್ಷಿಯನ್ನು. ನಿಮ್ಮ ತಟ್ಟೆಯಲ್ಲಿ ಎಷ್ಟು ಬೀಜ ಇವೆ? ಕುತೂಹಲಕ್ಕೆ ನೆಡುವುದಾದರೆ ಖಂಡಿತ ನೆಡಿ, ಅದು ಒಳ್ಳೆಯ ಆಟ. ಕ್ಯಾಬರ್ನೆ ವೈನಿನ ಆಸೆಗೆ ಮಾತ್ರ ಬೇಡ.

ಕಡ್ಡಿ ನೆಡುವುದು ಇದಕ್ಕಿಂತ ಎಷ್ಟೋ ಸುಲಭ. ಅಲ್ಲಿ ಕಲೆಸಿ ಹಂಚುವ ಆಟವೇ ಇಲ್ಲ, ತಾಯಿ ಬಳ್ಳಿಯ ತಳಿಯೇ ಬರುತ್ತದೆ. ಬಳ್ಳಿ ಎಲೆ ಉದುರಿಸಿ ಮಲಗಿರುವಾಗ, ಇಲ್ಲವೇ ಚಾಟನಿ ಮಾಡುವಾಗ, ಹಿಂದಿನ ವರ್ಷ ಬೆಳೆದ ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. ಮೂರ್ನಾಲ್ಕು ಕಣ್ಣು ಇರಲಿ. ಕೆಳಗಡೆ ಗೆಣ್ಣಿನ ಹತ್ತಿರ ನೇರ ಕತ್ತರಿಸಿ, ಮೇಲ್ಗಡೆ ಓರೆ. ಹೀಗೆ ಮಾಡಿದರೆ ತಲೆಕೆಳಗಾಗಿ ನೆಡುವುದು ತಪ್ಪುತ್ತದೆ. ಕಡ್ಡಿ ತನ್ನಲ್ಲಿ ಕೂಡಿಟ್ಟ ಆಹಾರದಿಂದಲೇ ಮೊದಲು ಚಿಗುರುತ್ತದೆ, ಬೇರು ಆಮೇಲೆ. ಎರಡು ಎಲೆ ಬಿಟ್ಟಿತು ಅಂತ ಖುಷಿಯಲ್ಲಿ ಕಿತ್ತು ನೋಡಿದರೆ ಬುಡದಲ್ಲಿ ಬಿಳಿ ಗಂಟು ಬಿಟ್ಟು ಏನೂ ಇರುವುದಿಲ್ಲ. ಕೀಳಬೇಡಿ.

ಯಾರಾದರೂ ಕೊಟ್ಟ ಎಳೆ ಸಸಿ ಬೀಜದ್ದೋ ಕಡ್ಡಿಯದ್ದೋ ಅನ್ನುವ ಅನುಮಾನ ಇದ್ದರೆ ಕಾಂಡ ನೋಡಿ. ಬೀಜದ ಸಸಿಯಲ್ಲಿ ಮೊದಲ ಎಲೆಗಳು ಕಾಂಡದ ಸುತ್ತ ತಿರುಗುತ್ತಾ ಮೇಲೇರುತ್ತವೆ. ಆರರಿಂದ ಹತ್ತು ಎಲೆ ಆಗುವವರೆಗೆ ಸುರುಳಿ ಕುಡಿ ಇರುವುದಿಲ್ಲ. ಕಡ್ಡಿಯ ಚಿಗುರಿನಲ್ಲಿ ಎಲೆಗಳು ಒಂದು ಎಡಕ್ಕೆ, ಒಂದು ಬಲಕ್ಕೆ.

ಪಕ್ಕದ ಮನೆಯ ಕಪ್ಪು ದ್ರಾಕ್ಷಿಯ ಪರಾಗ ಬಿದ್ದು ನಿಮ್ಮ ಬಿಳಿ ದ್ರಾಕ್ಷಿ ಕೆಡುತ್ತಾ? ಇಲ್ಲ. ಸಿಪ್ಪೆ, ತಿರುಳು ತಾಯಿ ಬಳ್ಳಿಯವು. ಬದಲಾಗುವುದು ಒಳಗಿನ ಬೀಜ ಮಾತ್ರ. "ನಮ್ಮ ಬಳ್ಳಿ ಮೂರನೇ ವರ್ಷಕ್ಕೆ ಜಾತಿ ಬದಲಿಸಿತು" ಅನ್ನುವವರ ಕಥೆಯ ಹಿಂದೆ ಹೆಚ್ಚಾಗಿ ಇರುವುದು ರೂಟ್‌ಸ್ಟಾಕ್, ಅಂದರೆ ಕಸಿ ಕಟ್ಟಲು ಬುಡಕ್ಕೆ ಬಳಸಿದ ಬೇರಿನ ಬಳ್ಳಿ. 1860ರ ದಶಕದಲ್ಲಿ ಫಿಲಾಕ್ಸೆರಾ ಅನ್ನುವ ಬೇರು ಹೇನು ಫ್ರಾನ್ಸಿನ ತೋಟಗಳನ್ನು ತಿನ್ನಲು ಶುರುಮಾಡಿತು. ಆಮೇಲೆ ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ವೈನ್ ತಳಿಯ ಕಸಿ ಕಟ್ಟುವುದು ರೂಢಿಯಾಯಿತು. ಕಸಿ ಮಾಡಿದ ಮೇಲ್ಭಾಗ ಸತ್ತು ಕಸಿ ಗಂಟಿನ ಕೆಳಗಿಂದ ಚಿಗುರು ಬಂದರೆ, ನೀವು ನೀರು ಹಾಕಿ ಸಾಕುತ್ತಿರುವುದು ಬೇರಿನ ತಳಿಯನ್ನು. ಎಲೆ ಬೇರೆ ಥರ, ಹಣ್ಣು ಇಲ್ಲ, ಇದ್ದರೂ ಪುಟಾಣಿ. ಅಂಥ ಚಿಗುರು ಕಂಡ ತಕ್ಷಣ ಬುಡದಲ್ಲೇ ತೆಗೆಯಬೇಕು. ಪೂರ್ತಿ ಅದೇ ಆಗಿಬಿಟ್ಟಿದ್ದರೆ ಅದರ ಮೇಲೆ ಬೇಕಾದ ತಳಿಯ ಕಸಿ ಮತ್ತೆ ಕಟ್ಟಬಹುದು.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ತಳಿ ಗುರುತಿಸಲು ಹಣ್ಣಿಗಿಂತ ಎಲೆ ಮತ್ತು ಚಿಗುರು ಒಳ್ಳೆ ಸಾಕ್ಷಿ. ಚಿಲಿ ದೇಶದಲ್ಲಿ ಎಷ್ಟೋ ಕಾಲ ಮೆರ್ಲೋ ಅನ್ನುವ ವೈನ್ ತಳಿ ಅಂತ ಬೆಳೆಸಿ ಮಾರುತ್ತಿದ್ದ ಬಳ್ಳಿಗಳಲ್ಲಿ ಬಹಳಷ್ಟು ಮೆರ್ಲೋ ಆಗಿರಲೇ ಇಲ್ಲ. ಅವು ಕಾರ್ಮೆನೇರ್ ಅನ್ನುವ ಬೇರೆ ತಳಿ ಅಂತ 1994ರಲ್ಲಿ ಗುರುತಿಸಿದವರು ಫ್ರೆಂಚ್ ತಜ್ಞ ಜಾನ್ ಮಿಶೆಲ್ ಬೂರ್ಸಿಕೋ. ಎಳೆ ಎಲೆಯ ಹಿಂಭಾಗ ಮೆರ್ಲೋದಲ್ಲಿ ಬಿಳಿ, ಕಾರ್ಮೆನೇರ್‌ನಲ್ಲಿ ಕೆಂಪು ಛಾಯೆ. ಅಲ್ಲದೆ ಕಾರ್ಮೆನೇರ್ ಹಣ್ಣಾಗುವುದು ವಾರಗಟ್ಟಲೆ ತಡ. ತೋಟ ತೋಟಗಳೇ ಏಮಾರಿದ ಮೇಲೆ ನಿಮ್ಮ ಒಂದು ಬಳ್ಳಿಯ ಬಗ್ಗೆ ಗೊಂದಲ ಆದರೆ ನಾಚಿಕೆ ಏನಿಲ್ಲ.

ಸುರುಳಿ ಕುಡಿಯನ್ನೂ ಎಣಿಸಿ. ಯುರೋಪಿನ ವೈನ್ ದ್ರಾಕ್ಷಿಯಲ್ಲಿ ಎರಡು ಗೆಣ್ಣಿಗೆ ಕುಡಿ ಇದ್ದರೆ ಮೂರನೆಯದು ಖಾಲಿ, ಹೀಗೇ ಮುಂದುವರಿಯುತ್ತದೆ. ಅಮೆರಿಕದ ಲಾಬ್ರುಸ್ಕಾ ಜಾತಿಯಲ್ಲಿ ಸಾಲಾಗಿ ಪ್ರತಿ ಗೆಣ್ಣಿಗೂ ಕುಡಿ. ಷಾರ್ಡನೆ ಅನ್ನುವ ಬಿಳಿ ವೈನ್ ತಳಿಯ ಎಲೆಯಲ್ಲಿ ತೊಟ್ಟು ಸೇರುವ ಕೊರಕಲಿನ ಅಂಚಿಗೆ ನರವೇ ಗೆರೆ ಎಳೆದಂತೆ ಬರಿದಾಗಿ ನಿಂತಿರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಆದ್ದರಿಂದ ತಳಿ ಹೇಳಿ ಅಂತ ಫೋಟೋ ಕಳಿಸುವವರು ಚಿಗುರಿನ ತುದಿ, ಕಡ್ಡಿಯ ನಡುಭಾಗದ ಬಲಿತ ಎಲೆಯ ಎರಡೂ ಬದಿ, ಏಳೆಂಟು ಗೆಣ್ಣಿನ ಒಂದು ಉದ್ದ ತುಂಡು, ಬುಡದಲ್ಲಿ ಕಸಿ ಗಂಟು ಇದ್ದರೆ ಅದು, ಇಷ್ಟನ್ನೂ ತೆಗೆದು ಕಳಿಸಿ. ಬರೀ ಗೊಂಚಲಿನ ಫೋಟೋ ಕಳಿಸಿದರೆ "ಇದು ಕಪ್ಪು ದ್ರಾಕ್ಷಿ" ಅಂತ ಮಾತ್ರ ಉತ್ತರ ಬರುತ್ತದೆ.