ಮೇಲೆ–ಕೆಳಗೆ ಇಲ್ಲದ ಕಡೆ ಯೂಗ್ಲೀನಾ ಈಜುವುದು ಹೇಗೆ?

ಪ್ರಶ್ನೆ: ಹಾಸನದಲ್ಲಿ ಇಸ್ರೋದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) ಆಂಟೆನಾಗಳನ್ನು ನೋಡಿದ ಮೇಲೆ ಮಗಳದು ಒಂದೇ ಪ್ರಶ್ನೆ: ಬಾಹ್ಯಾಕಾಶದಲ್ಲಿ ಮೇಲೆ–ಕೆಳಗೆ ಅನ್ನೋದೇ ಇಲ್ಲವಲ್ಲ, ಕೆರೆ ನೀರಿನ ಜೀವಿಗಳನ್ನು ಅಲ್ಲಿಗೆ ಒಯ್ದರೆ ಹೇಗೆ ಈಜುತ್ತವೆ?

ಉತ್ತರ: ಈಜುವುದೇನೂ ನಿಲ್ಲುವುದಿಲ್ಲ, ದಿಕ್ಕು ಮಾತ್ರ ತಪ್ಪುತ್ತದೆ.

ಹಸಿರುಗಟ್ಟಿದ ಹೊಂಡದ ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಯೂಗ್ಲೀನಾ ಎಂಬ ಏಕಕೋಶ ಜೀವಿ ಸಿಗುವ ಸಂಭವ ಹೆಚ್ಚು. ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ಉದ್ದ, ಕದಿರಿನಂಥ ಹಸಿರು ಮೈ, ಮುಂದಿನ ತುದಿಯಲ್ಲಿ ಕೆಂಪು ಚುಕ್ಕೆ. ಎಳೆಯಂಥ ಕಶಾಂಗವನ್ನು ಬೀಸುತ್ತ, ಗಿರ್ರನೆ ಸುತ್ತುತ್ತ ಸಾಗುತ್ತದೆ. ಕತ್ತಲಲ್ಲಿಟ್ಟರೂ ಇದು ಮೇಲ್ಮೈ ಕಡೆಗೇ ಏರುತ್ತದೆ. ಮೇಲೆ ಯಾವುದೆಂದು ತಿಳಿಯುವುದು ಹೇಗೆ?

ಯೂಗ್ಲೀನಾದ ಒಡಲು ನೀರಿಗಿಂತ ತುಸು ಸಾಂದ್ರ. ಹಾಗಾಗಿ ಒಳಗಿನ ದ್ರವ್ಯ ಕೆಳಬದಿಯ ಪೊರೆಯನ್ನು ಒತ್ತುತ್ತದೆ. ಅಲ್ಲಿನ ದ್ವಾರಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕಶಾಂಗದ ಬೀಸು ಬದಲಾಗಿ ಮೈ ಮೇಲಕ್ಕೆ ತಿರುಗುತ್ತದೆ. ಇದಕ್ಕೆ ಸಿಕ್ಕ ಒಳ್ಳೆಯ ಪುರಾವೆಗೆ ರಾಕೆಟ್ಟೇ ಬೇಕಾಗಲಿಲ್ಲ ಅನ್ನುವುದು ನನಗೆ ಬಲು ಇಷ್ಟ. ಜರ್ಮನಿಯ ವಿಜ್ಞಾನಿಗಳು ಯೂಗ್ಲೀನಾಗಳನ್ನು ಅವುಗಳ ಒಡಲಿಗಿಂತಲೂ ಸಾಂದ್ರವಾದ ದ್ರವದಲ್ಲಿ ಬಿಟ್ಟರು. ಒತ್ತಡ ಮೇಲ್ಬದಿಗೆ ಬಿತ್ತು, ಅವು ಕೆಳಮುಖವಾಗಿ ಈಜತೊಡಗಿದವು!

ಇನ್ನು ಕಕ್ಷೆಯ ಮಾತು. 400 ಕಿ.ಮೀ. ಎತ್ತರದಲ್ಲೂ ಗುರುತ್ವ ನೆಲದಲ್ಲಿರುವುದರ ಸುಮಾರು 90 ಶೇಕಡಾ ಇದೆ. ಆದರೆ ನೌಕೆ, ಸೀಸೆ, ನೀರು, ಜೀವಿ ಎಲ್ಲವೂ ಒಟ್ಟಿಗೇ ಬೀಳುತ್ತಿರುವುದರಿಂದ ಯಾವುದೂ ಯಾವುದನ್ನೂ ಒತ್ತುವುದಿಲ್ಲ. ಯೂಗ್ಲೀನಾ ಚುರುಕಾಗಿಯೇ ಈಜುತ್ತದೆ, ಸಿಕ್ಕ ಕಡೆಗೆ.

1994ರಲ್ಲಿ ಕೊಲಂಬಿಯಾ ನೌಕೆಯಲ್ಲಿ ನಿಧಾನವಾಗಿ ತಿರುಗುವ ಯಂತ್ರಕ್ಕೆ ಸೂಕ್ಷ್ಮದರ್ಶಕ ಜೋಡಿಸಿ, ಕೃತಕ ಗುರುತ್ವವನ್ನು ಸ್ವಲ್ಪಸ್ವಲ್ಪವೇ ಏರಿಸಿ ನೋಡಿದರು. ಭೂಮಿಯ ಗುರುತ್ವದ ಆರರಲ್ಲೊಂದು ಪಾಲಿನ ಆಸುಪಾಸಿಗೇ ಯೂಗ್ಲೀನಾಕ್ಕೆ ದಿಕ್ಕು ಗೊತ್ತಾಯಿತು. ಚಂದ್ರನ ಸೆಳೆತವೂ ಹೆಚ್ಚುಕಡಿಮೆ ಅಷ್ಟೇ. ಯೂಗ್ಲೀನಾಕ್ಕಿಂತ ದೊಡ್ಡದಾದ ಪ್ಯಾರಮೀಸಿಯಮ್ ಎಂಬ ಇನ್ನೊಂದು ಏಕಕೋಶ ಜೀವಿಗೆ ಮೂರರಲ್ಲೊಂದು ಪಾಲು ಬೇಕಾಯಿತು. ಗಾತ್ರ ದೊಡ್ಡದಾದರೆ ಅರಿವೂ ಸೂಕ್ಷ್ಮ ಎಂದೇನಿಲ್ಲ.

ಹಾಗಂತ ಅಲ್ಲಿ ಅವು ಪೂರ್ತಿ ಕಂಗಾಲಾಗುವುದಿಲ್ಲ ಎಂದು ಮಗಳಿಗೆ ಹೇಳಿ. ಒಂದು ಬದಿಯಿಂದ ಮಂದ ಬೆಳಕು ಬಿಟ್ಟರೆ ಯೂಗ್ಲೀನಾ ಅತ್ತ ಹೊರಡುತ್ತದೆ. ಸಂಶೋಧಕರಿಗೆ ಇದೇ ತಲೆನೋವು: ನೋಡಲು ದೀಪ ಬೇಕು, ದೀಪ ಹಚ್ಚಿದರೆ ಜೀವಿ ಅದನ್ನೇ ಹಿಂಬಾಲಿಸುತ್ತದೆ. ಅದಕ್ಕೇ ಯೂಗ್ಲೀನಾ ಲೆಕ್ಕಕ್ಕಿಡದ ಕೆಂಪು ಅಥವಾ ಅವಕೆಂಪು ಬೆಳಕಿನಲ್ಲಿ ಚಿತ್ರೀಕರಿಸುತ್ತಾರೆ.