134 ಸೋಲುಗಳ ಹಿಂದೆ: 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್

1899ರ ಅಕ್ಟೋಬರ್ 15, ಸಿನ್ಸಿನಾಟಿ. ಬೇಸ್‌ಬಾಲ್ ಋತುವಿನ ಕೊನೆಯ ಪಂದ್ಯ. ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಪರವಾಗಿ ಚೆಂಡೆಸೆಯಲು ನಿಂತವನ ಹೆಸರು ಎಡ್ಡಿ ಕೋಲ್ಬ್. ಅವನು ಹೋಟೆಲೊಂದರ ಸಿಗಾರ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅಮೆರಿಕದ ಅತಿ ದೊಡ್ಡ ಲೀಗಿನ ತಂಡವೊಂದು ಕೊನೆಯ ದಿನ ಅಂಗಡಿಯ ಹುಡುಗನ ಕೈಗೆ ಚೆಂಡು ಕೊಟ್ಟಿತ್ತು. ಸ್ಪೈಡರ್ಸ್ 19-3ರಿಂದ ಸೋತಿತು.

ಆ ವರ್ಷ ತಂಡ ಆಡಿದ್ದು 154 ಪಂದ್ಯ. ಗೆದ್ದದ್ದು 20, ಸೋತದ್ದು 134. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ 120 ಸೋತಿತು, 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ 121 ಸೋತಿತು. ಅವೆರಡೂ 162 ಪಂದ್ಯಗಳ ಋತುಗಳು. ಸ್ಪೈಡರ್ಸ್ ಅದಕ್ಕಿಂತ ಕಡಿಮೆ ಪಂದ್ಯ ಆಡಿಯೂ ಹೆಚ್ಚು ಸೋತಿತ್ತು. ಅತಿ ಕೆಟ್ಟ ತಂಡಗಳ ಪಟ್ಟಿ ಮಾಡುವವರು ಇಂದಿಗೂ ಈ ಹೆಸರಿನಿಂದಲೇ ಶುರುಮಾಡುತ್ತಾರೆ. ಅದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಸೋಲುಗಳ ಹೊಣೆ ಮೈದಾನದಲ್ಲಿ ನಿಂತಿದ್ದವರ ಮೇಲೆ ಬಿದ್ದಿದೆ. ಹೊರಬೇಕಿದ್ದವರು ತಂಡದ ಮಾಲೀಕರು.

ಸ್ಪೈಡರ್ಸ್ ಬಡ ತಂಡವೇನೂ ಆಗಿರಲಿಲ್ಲ. 1892ರಲ್ಲಿ ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತ್ತು. 1895ರಲ್ಲಿ ಆಗಿನ ಬಲಾಢ್ಯ ತಂಡ ಬಾಲ್ಟಿಮೋರ್ ಓರಿಯೋಲ್ಸನ್ನು ಸೋಲಿಸಿ, ಲೀಗಿನ ಮೊದಲ ಎರಡು ತಂಡಗಳ ನಡುವಿನ ಟೆಂಪಲ್ ಕಪ್ ಎತ್ತಿತ್ತು. ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, ಸೈ ಯಂಗ್ ಅಲ್ಲಿಯೇ ಬೆಳೆದವನು. ನಿವೃತ್ತನಾಗುವ ಹೊತ್ತಿಗೆ 511 ಪಂದ್ಯ ಗೆದ್ದಿದ್ದ ಅವನ ದಾಖಲೆಯನ್ನು ಇದುವರೆಗೆ ಯಾರೂ ಮುಟ್ಟಿಲ್ಲ. ಜೊತೆಗೆ ಬ್ಯಾಟಿನಲ್ಲಿ ಜೆಸ್ಸಿ ಬರ್ಕೆಟ್, ಫೀಲ್ಡಿಂಗಿನಲ್ಲಿ ಬಾಬಿ ವ್ಯಾಲೇಸ್. ಮೂವರೂ ಮುಂದೆ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. 1898ರಲ್ಲೂ ತಂಡ 81 ಪಂದ್ಯ ಗೆದ್ದು ಹನ್ನೆರಡರಲ್ಲಿ ಐದನೆಯದಾಗಿತ್ತು.

ಕೊರತೆಯಿದ್ದದ್ದು ಟಿಕೆಟ್ ಕೊಳ್ಳುವ ಜನರದ್ದು. ತಂಡದ ಒಡೆಯರಾದ ಫ್ರಾಂಕ್ ಮತ್ತು ಸ್ಟ್ಯಾನ್ಲಿ ರಾಬಿಸನ್ ಸೋದರರು ಕ್ಲೀವ್‌ಲ್ಯಾಂಡಿನಲ್ಲಿ ಟ್ರಾಮ್ ಓಡಿಸುತ್ತಿದ್ದವರು. 1891ರಲ್ಲಿ ಲೀಗ್ ಪಾರ್ಕ್ ಮೈದಾನವನ್ನು ಕಟ್ಟಿದ್ದೂ ತಮ್ಮ ಟ್ರಾಮ್ ದಾರಿಯ ಪಕ್ಕದಲ್ಲೇ. ಆಟಕ್ಕೆ ಬರುವವರಿಂದ ಟ್ರಾಮ್ ಟಿಕೆಟ್ ಹಣವೂ ಬರಲಿ ಎಂಬ ಲೆಕ್ಕ. ದುಡಿಯುವ ಜನಕ್ಕೆ ಬಿಡುವಿದ್ದದ್ದು ಭಾನುವಾರ ಮಾತ್ರ, ಆ ದಿನ ಆಡಲು ಕಾನೂನು ಬಿಡುತ್ತಿರಲಿಲ್ಲ. 1897ರ ಮೇ 16ರ ಭಾನುವಾರ ರಾಬಿಸನ್ ಹಟದಿಂದ ಪಂದ್ಯ ಆಡಿಸಿದಾಗ ಪೊಲೀಸರು ಮೊದಲ ಇನ್ನಿಂಗ್ಸ್ ಮುಗಿಯುತ್ತಿದ್ದಂತೆ ಆಟಗಾರರನ್ನೇ ಬಂಧಿಸಿ ಕರೆದೊಯ್ದರು. ಅಲ್ಲಿಂದ ಮಾಲೀಕರ ಮನಸ್ಸು ಆ ಊರಿನಿಂದ ಕಿತ್ತುಕೊಂಡಿತು. 1898ರಲ್ಲಿ ತಂಡದ ಎಷ್ಟೋ ಪಂದ್ಯಗಳನ್ನು ಪರ ಊರುಗಳಲ್ಲೇ ಆಡಿಸಿದರು.

ಅದೇ ಹೊತ್ತಿಗೆ ಸೇಂಟ್ ಲೂಯಿಸ್ ತಂಡ ದಿವಾಳಿಯಾಗಿ ಹರಾಜಿಗೆ ಬಂತು. ಕ್ಲೀವ್‌ಲ್ಯಾಂಡಿಗಿಂತ ದೊಡ್ಡ ಊರು, ಭಾನುವಾರವೂ ಆಟಕ್ಕೆ ಅಡ್ಡಿಯಿಲ್ಲ. 1899ರ ವಸಂತದಲ್ಲಿ ರಾಬಿಸನ್ ಸೋದರರು ಆ ತಂಡವನ್ನೂ ತಮ್ಮದಾಗಿಸಿಕೊಂಡರು, ಸ್ಪೈಡರ್ಸನ್ನು ಮಾತ್ರ ಮಾರಲಿಲ್ಲ. ಒಂದೇ ಲೀಗಿನಲ್ಲಿ ಎದುರುಬದುರಾಗಿ ಆಡುವ ಎರಡು ತಂಡಗಳಿಗೆ ಒಬ್ಬರೇ ಯಜಮಾನರು!

ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ 1891ಕ್ಕೆ ಹೋಗಬೇಕು. ಅಮೆರಿಕನ್ ಅಸೋಸಿಯೇಷನ್ ಎಂಬ ಎದುರಾಳಿ ಲೀಗ್ ಆ ವರ್ಷ ಮುಳುಗಿತು. ಅದರ ನಾಲ್ಕು ತಂಡಗಳನ್ನು ಒಳಗೆ ಸೇರಿಸಿಕೊಂಡು, ಸ್ಪೈಡರ್ಸ್ ಆಡುತ್ತಿದ್ದ ನ್ಯಾಷನಲ್ ಲೀಗ್ ಹನ್ನೆರಡು ತಂಡಗಳ ಏಕಸ್ವಾಮ್ಯವಾಯಿತು. ಪೈಪೋಟಿಯಿಲ್ಲದ ಮೇಲೆ ಮಾಲೀಕರನ್ನು ಕೇಳುವವರಿರಲಿಲ್ಲ. ಒಬ್ಬರ ತಂಡದಲ್ಲಿ ಇನ್ನೊಬ್ಬರು ಪಾಲು ಹಿಡಿದರು. ಬ್ರೂಕ್ಲಿನ್ ಮತ್ತು ಬಾಲ್ಟಿಮೋರ್ ತಂಡಗಳೂ 1899ರಲ್ಲೇ ಹೀಗೆ ಒಂದೇ ಗುಂಪಿನ ಕೈಗೆ ಹೋದವು. ಬಾಲ್ಟಿಮೋರಿನ ತಾರೆಗಳನ್ನು ಎತ್ತಿಕೊಂಡ ಬ್ರೂಕ್ಲಿನ್ 101 ಪಂದ್ಯ ಗೆದ್ದು ಚಾಂಪಿಯನ್ ಆಯಿತು.

ಬಾಲ್ಟಿಮೋರಿಗೆ ಅಷ್ಟಿಷ್ಟು ಒಳ್ಳೆಯ ಆಟಗಾರರನ್ನಾದರೂ ಉಳಿಸಿದ್ದರು. ಕ್ಲೀವ್‌ಲ್ಯಾಂಡಿನಲ್ಲಿ ರಾಬಿಸನ್ ಸೋದರರು ಹಾಲು ಕೊಡುವ ಹಸುಗಳನ್ನೆಲ್ಲ ಹೊಡೆದುಕೊಂಡು ಹೋಗಿ ಕೊಟ್ಟಿಗೆ ಬರಿದು ಮಾಡಿದರು. ಯಂಗ್, ಬರ್ಕೆಟ್, ವ್ಯಾಲೇಸ್, ಮ್ಯಾನೇಜರ್ ಪ್ಯಾಟ್ಸಿ ಟೀಬೋ ಎಲ್ಲರೂ ಸೇಂಟ್ ಲೂಯಿಸಿಗೆ. ಆ ತಂಡಕ್ಕೆ ‘ಪರ್ಫೆಕ್ಟೋಸ್’ ಎಂದು ಹೊಸ ಹೆಸರು. ಏಪ್ರಿಲ್ 15ರ ಮೊದಲ ಪಂದ್ಯ ಇವೆರಡರ ನಡುವೆಯೇ ನಡೆಯಿತು. ಸೈ ಯಂಗ್ ತನ್ನ ಹಳೆಯ ತಂಡದ ಹೆಸರು ಹೊತ್ತವರ ಎದುರು ಚೆಂಡೆಸೆದ. ಪರ್ಫೆಕ್ಟೋಸ್ 10-1ರಿಂದ ಗೆದ್ದಿತು.

ಉಳಿದವರನ್ನು ಕಟ್ಟಿಕೊಂಡು ಹೊರಟ ಮ್ಯಾನೇಜರ್ ಲೇವ್ ಕ್ರಾಸ್ ಒಳ್ಳೆಯ ಆಟಗಾರನೂ ಆಗಿದ್ದ. 38 ಪಂದ್ಯಗಳಲ್ಲಿ ಎಂಟು ಗೆಲ್ಲಿಸಿದ. ಅಷ್ಟರಲ್ಲಿ ಅವನನ್ನೂ ಸೇಂಟ್ ಲೂಯಿಸಿಗೆ ಎಳೆದುಕೊಂಡರು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಕ್ರೂರವಾಗಿ ಕಾಣುವುದು ಇದೇ. ಅವನ ಜಾಗಕ್ಕೆ ಬಂದವನು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಜೋ ಕ್ವಿನ್. ಅವನ ಕೈಕೆಳಗೆ 12 ಗೆಲುವು, 104 ಸೋಲು. ಜಿಮ್ ಹ್ಯೂಯಿ ಎಂಬ ಪಿಚರ್ ನಾಲ್ಕು ಗೆದ್ದು 30 ಸೋತ. ಇನ್ನೊಂದು ಸೋಲು ಖಚಿತವೆಂದು ಗೊತ್ತಿದ್ದೂ ಮತ್ತೆ ಮತ್ತೆ ಚೆಂಡು ಹಿಡಿದು ನಿಲ್ಲುವುದಕ್ಕೆ ಎಂಥ ಎದೆ ಬೇಕು!

ಬರಿದಾದ ತಂಡವನ್ನು ನೋಡಲು ಊರಿನವರೇಕೆ ದುಡ್ಡು ಕೊಡುತ್ತಾರೆ? ಕ್ಲೀವ್‌ಲ್ಯಾಂಡಿನಲ್ಲಿ ನಡೆದ 42 ಪಂದ್ಯಗಳಿಗೆ ಒಟ್ಟು ಬಂದವರು 6,088 ಜನ. ಪಂದ್ಯಕ್ಕೆ ಸುಮಾರು 145. ಅತಿಥಿ ತಂಡಕ್ಕೆ ಟಿಕೆಟ್ ಹಣದಲ್ಲಿ ಪಾಲಿತ್ತು. ಇಲ್ಲಿ ಸಿಗುವ ಪಾಲು ರೈಲು, ಹೋಟೆಲ್ ಖರ್ಚಿಗೂ ಸಾಲದೆ ಬೇರೆ ತಂಡಗಳು ಬರುವುದಿಲ್ಲವೆಂದವು. ಜುಲೈ ನಂತರ ಸ್ಪೈಡರ್ಸ್‌ಗೆ ರೈಲೇ ಮನೆಯಾಯಿತು. ಪರ ಊರುಗಳಲ್ಲಿ ಆಡಿದ 112 ಪಂದ್ಯಗಳಲ್ಲಿ 101 ಸೋತರು. ಇಂದು ಒಂದು ತಂಡ ಹೊರಗೆ ಆಡುವುದೇ ಋತುವಿಗೆ 81 ಪಂದ್ಯ, ಹಾಗಾಗಿ ಈ ಸಂಖ್ಯೆಯನ್ನು ಯಾರೂ ಮುರಿಯಲಾರರು. ಒಮ್ಮೆ ಸತತ 24 ಪಂದ್ಯ ಸೋತರು. ಕೊನೆಯ 41ರಲ್ಲಿ ಗೆದ್ದದ್ದು ಒಂದೇ ಒಂದು. ಊರಿಲ್ಲದ ಈ ತಂಡವನ್ನು ಪತ್ರಿಕೆಗಳು ಅಲೆಮಾರಿಗಳೆಂದೂ ಗಡಿಪಾರಾದವರೆಂದೂ ಕರೆದವು.

ಇಷ್ಟೆಲ್ಲ ಮಾಡಿ ಪರ್ಫೆಕ್ಟೋಸ್ ಬಂದದ್ದು ಐದನೆಯ ಸ್ಥಾನಕ್ಕೆ. ಹಿಂದಿನ ವರ್ಷ ಸ್ಪೈಡರ್ಸ್ ಗಳಿಸಿದ್ದ ಸ್ಥಾನವೂ ಅದೇ.

ಋತು ಮುಗಿದ ಮೇಲೆ ಲೀಗ್ ಹನ್ನೆರಡರಿಂದ ಎಂಟಕ್ಕೆ ಇಳಿಯಿತು. ಕ್ಲೀವ್‌ಲ್ಯಾಂಡ್, ಬಾಲ್ಟಿಮೋರ್, ವಾಷಿಂಗ್ಟನ್, ಲೂಯಿವಿಲ್ ಹೊರಬಿದ್ದವು. ಹೀಗೆ ಕೈಬಿಟ್ಟ ಊರುಗಳನ್ನೇ ಎದುರಾಳಿ ಲೀಗ್ ಕಟ್ಟುತ್ತಿದ್ದ ಬ್ಯಾನ್ ಜಾನ್ಸನ್ ಹುಡುಕಿಕೊಂಡು ಬಂದ. 1901ರಲ್ಲಿ ಅವನ ಅಮೆರಿಕನ್ ಲೀಗ್ ತಾನೂ ಸರಿಸಮಾನ ಎಂದು ಸಾರಿದಾಗ ಕ್ಲೀವ್‌ಲ್ಯಾಂಡ್, ಬಾಲ್ಟಿಮೋರ್, ವಾಷಿಂಗ್ಟನ್ ಮೂರೂ ಅದರಲ್ಲಿದ್ದವು. ಸೇಂಟ್ ಲೂಯಿಸ್ ಬಿಟ್ಟ ಸೈ ಯಂಗ್ ಕೂಡ ಅದೇ ಲೀಗಿನ ಬಾಸ್ಟನ್ ತಂಡ ಸೇರಿದ. ಒಬ್ಬ ಮಾಲೀಕನಿಗೆ ಎರಡು ತಂಡ ಎಂಬುದಕ್ಕೆ ಇಂದಿನ ಮೇಜರ್ ಲೀಗ್ ನಿಯಮಗಳಲ್ಲಿ ಜಾಗವಿಲ್ಲ. ಆದರೂ 2002ರಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡವನ್ನು ಲೀಗೇ ಕೊಂಡುಕೊಂಡಾಗ, ಮುಂದಿನ ಎರಡು ವರ್ಷ ಆ ತಂಡದ ವರ್ಷಕ್ಕೆ ಸುಮಾರು 22 ತವರು ಪಂದ್ಯಗಳನ್ನು ಪೋರ್ಟೊ ರಿಕೊದಲ್ಲಿ ಆಡಿಸಿದಾಗ, ಆಟದ ಚರಿತ್ರೆ ಬಲ್ಲವರಿಗೆ 1899 ನೆನಪಾಗದೆ ಇರಲಿಲ್ಲ.

1909ರಲ್ಲಿ ಸೈ ಯಂಗ್ ಕ್ಲೀವ್‌ಲ್ಯಾಂಡಿಗೆ ಮರಳಿದ. ಮರುವರ್ಷ ಲೀಗ್ ಪಾರ್ಕನ್ನು ಕಾಂಕ್ರೀಟಿನಲ್ಲಿ ಹೊಸದಾಗಿ ಕಟ್ಟಿದರು. 1891ರಲ್ಲಿ ಅಲ್ಲಿನ ಮೊದಲ ಪಂದ್ಯದಲ್ಲಿ ಚೆಂಡೆಸೆದಿದ್ದ ಯಂಗ್, 1910ರ ಏಪ್ರಿಲ್ 21ರಂದು ಹೊಸ ಮೈದಾನದ ಮೊದಲ ಪಂದ್ಯಕ್ಕೂ ಚೆಂಡು ಹಿಡಿದ. ಡೆಟ್ರಾಯಿಟ್ ಎದುರು ಕ್ಲೀವ್‌ಲ್ಯಾಂಡ್ 5-0ರಿಂದ ಸೋತಿತು. ಅಂದು ನೋಡಲು ಬಂದಿದ್ದವರು 18,832 ಜನ.