ಒಂದು ಲ್ಯಾಪ್‌ಟಾಪ್, ನಾಲ್ಕು ತಂತ್ರಾಂಶ: ಕ್ಯಾಮೆರಾ ಯಾರ ಕೈಯಲ್ಲಿರಬೇಕು?

ಟೆಲಿಸ್ಕೋಪ್‌ಗೆ ಕ್ಯಾಮೆರಾ ಹಾಕಿ ಆಕಾಶದ ಚಿತ್ರ ತೆಗೆಯಲು ಕೂತಿದ್ದೀರಿ. ಕ್ಯಾಮೆರಾ ನಡೆಸುವ ಶಾರ್ಪ್‌ಕ್ಯಾಪ್‌ನಲ್ಲಿ ಪೋಲಾರ್ ಅಲೈನ್‌ಮೆಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದು) ಮುಗಿಯುತ್ತದೆ. ಆ ಕಿಟಕಿಯನ್ನು ಹಾಗೇ ಕೆಳಗಿಳಿಸಿ ಗೈಡಿಂಗ್ ತಂತ್ರಾಂಶವಾದ ಪಿಎಚ್‌ಡಿ 2 ತೆರೆದು ಗೈಡ್ ಕ್ಯಾಮೆರಾ (ಮೌಂಟ್ ನಕ್ಷತ್ರದ ಹಿಂದೆ ಸರಿಯಾಗಿ ಸಾಗುತ್ತಿದೆಯೇ ಎಂದು ಕಾಯುವ ಎರಡನೇ ಕ್ಯಾಮೆರಾ) ಕನೆಕ್ಟ್ ಒತ್ತಿದರೆ ಕ್ಯಾಮೆರಾ ತೆರೆಯಲಾಗಲಿಲ್ಲ ಎಂಬ ಸಂದೇಶ ಬರುತ್ತದೆ. ಕೇಬಲ್ ಕಿತ್ತು ಹಾಕಿದ್ದಾಯಿತು, ಡ್ರೈವರ್ ಮತ್ತೆ ಹಾಕಿದ್ದಾಯಿತು, ಕಂಪ್ಯೂಟರ್ ಹಳೆಯದಾಯಿತು ಅಂತ ಬೈದದ್ದೂ ಆಯಿತು. ಅಷ್ಟರಲ್ಲಿ ಮೋಡ ಬಂದಿರುತ್ತದೆ. ನಿಜವಾಗಿ ಕೆಟ್ಟದ್ದು ಯಾವುದೂ ಇಲ್ಲ. ಶಾರ್ಪ್‌ಕ್ಯಾಪ್ ಇನ್ನೂ ಆ ಕ್ಯಾಮೆರಾವನ್ನು ಹಿಡಿದುಕೊಂಡಿದೆ, ಅಷ್ಟೇ.

ಖಗೋಳ ಕ್ಯಾಮೆರಾದ ಡ್ರೈವರ್ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ತಂತ್ರಾಂಶದ ಮಾತು ಕೇಳುತ್ತದೆ. ಎಕ್ಸ್‌ಪೋಶರ್, ಗೇನ್, ಕೂಲರ್ ಎಲ್ಲವನ್ನೂ ಇಬ್ಬರು ಒಟ್ಟಿಗೆ ತಿರುವಿದರೆ ಚಿತ್ರ ಯಾರದ್ದೆಂದು ತೀರ್ಮಾನವಾಗುವುದಿಲ್ಲ. ಹಾಗಾಗಿ ಕಿಟಕಿ ಕೆಳಗಿಳಿಸಿದರೆ ಸಾಲದು, ಡಿಸ್ಕನೆಕ್ಟ್ ಒತ್ತಬೇಕು. ಮುಚ್ಚಿದ ಮೇಲೂ ಸಿಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ತಂತ್ರಾಂಶದ ಹೆಸರು ಉಳಿದಿದೆಯೇ ನೋಡಿ. ಉಳಿದಿದ್ದರೆ ಅಲ್ಲೇ ಕೊನೆಗೊಳಿಸಿ, ಯುಎಸ್‌ಬಿ ಒಮ್ಮೆ ತೆಗೆದು ಹತ್ತು ಸೆಕೆಂಡ್ ಬಿಟ್ಟು ಹಾಕಿ. ಎಕ್ಸ್‌ಪೋಶರ್ ನಡುವೆ ತಂತ್ರಾಂಶ ಸತ್ತರೆ ಕ್ಯಾಮೆರಾ ಅರೆಬರೆ ಸ್ಥಿತಿಯಲ್ಲಿ ಸಿಕ್ಕಿಕೊಂಡಿರಬಹುದು.

ನಮ್ಮ ಕಡೆ ಈ ಜಗಳದ ಒಂದು ಸುತ್ತನ್ನೇ ತಪ್ಪಿಸಬಹುದು. ಚಿಕ್ಕಮಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ. ಕಾಫಿ ತೋಟದೊಳಗಿದ್ದರೆ ಸಿಲ್ವರ್ ಓಕ್ ಅಡ್ಡ, ತೋಟದಾಚೆ ಬಂದರೆ ಗಿರಿಯ ಸಾಲೋ ಮಂಜೋ ಅಡ್ಡ. ಕಂಡರೂ ಅಷ್ಟು ಕೆಳಗೆ ವಾಯುಮಂಡಲ ಅದನ್ನು ಸುಮಾರು 4 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತರಲ್ಲಿ ನಾಲ್ಕು ಪಾಲು) ಮೇಲೆತ್ತಿ ತೋರಿಸುತ್ತದೆ. ಆದ್ದರಿಂದ ಧ್ರುವದ ಕಡೆಯೇ ನೋಡಬೇಕಾದ ವಿಧಾನಕ್ಕಿಂತ ಮುಖ್ಯ ಕ್ಯಾಮೆರಾದ ಚಿತ್ರೀಕರಣ ನಡೆಸುವ ನೀನಾ ತಂತ್ರಾಂಶದ ಥ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್ ಇಲ್ಲಿಗೆ ಹೊಂದುತ್ತದೆ. ಆಕಾಶದ ಬಯಲಾದ ಭಾಗದಲ್ಲಿ ಮೂರು ಚಿತ್ರ ತೆಗೆದು ಲೆಕ್ಕ ಹಾಕುತ್ತದೆ, ಅದೂ ಮುಖ್ಯ ಕ್ಯಾಮೆರಾದಿಂದ. ಗೈಡ್ ಕ್ಯಾಮೆರಾವನ್ನು ಪಿಎಚ್‌ಡಿ 2 ಬಿಟ್ಟು ಬೇರೆ ಯಾರೂ ಮುಟ್ಟುವುದೇ ಇಲ್ಲ. ಈ ಲೆಕ್ಕಕ್ಕೆ ಬೇಕಾದ ಪ್ಲೇಟ್ ಸಾಲ್ವಿಂಗ್‌ಗೆ (ಚಿತ್ರದ ನಕ್ಷತ್ರಗಳಿಂದ ಟೆಲಿಸ್ಕೋಪ್ ಎತ್ತ ನೋಡುತ್ತಿದೆ ಎಂದು ಗುರುತಿಸುವುದಕ್ಕೆ) ಆಸ್ಟ್ಯಾಪ್ ತಂತ್ರಾಂಶ ಮತ್ತು ಅದರ ನಕ್ಷತ್ರ ಕೋಶವನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ. ಮೇಲೆ ಹೋದಂತೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ.

ಮೌಂಟ್‌ನ ಕಥೆ ಬೇರೆ. ಪಿಎಚ್‌ಡಿ 2, ನೀನಾ, ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಮೂರಕ್ಕೂ ಅದು ಬೇಕು, ಮೂರಕ್ಕೂ ಕೊಡಬಹುದು. ಇಕ್ಯೂಮೋಡ್ ಎಂಬ ಮೌಂಟ್ ಡ್ರೈವರ್ ಬಳಸುವವರಿಗೆ ಆ ಡ್ರೈವರೇ ಸಾಕು. ಉಳಿದವರು ಒಂದು ಮೌಂಟನ್ನು ಹಲವು ತಂತ್ರಾಂಶಗಳಿಗೆ ಹಂಚುವ ಆಸ್ಕಾಮ್ ಡಿವೈಸ್ ಹಬ್ ಎಂಬ ತಂತ್ರಾಂಶದ ಮೂಲಕ ಹೋಗಿ: ಹಬ್ ಒಳಗೆ ನಿಮ್ಮ ಮೌಂಟ್ ಡ್ರೈವರ್ ಆರಿಸಿ, ಮೂರೂ ತಂತ್ರಾಂಶಗಳಲ್ಲಿ ಹಬ್‌ನ ಹೆಸರನ್ನೇ ಕೊಡಿ. ಬಹಳ ಜನ ಎಡವುವುದು ಇಲ್ಲಿ: ಒಂದನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು ಮಿಕ್ಕವನ್ನು ಸುಮ್ಮನೆ ತೆರೆದರೆ ವಿಂಡೋಸ್ ಅವುಗಳನ್ನು ಒಂದೇ ಹಬ್‌ಗೆ ಸೇರಿಸುವುದಿಲ್ಲ. ಎಲ್ಲವನ್ನೂ ಸಾಮಾನ್ಯವಾಗಿಯೇ ತೆರೆಯಿರಿ. ನೀನಾ ಮತ್ತು ಪಿಎಚ್‌ಡಿ 2 ಮಾತಾಡಿಕೊಳ್ಳಲು ಪಿಎಚ್‌ಡಿ 2ರ ಟೂಲ್ಸ್ ಮೆನುವಿನಲ್ಲಿ ಸರ್ವರ್ ಆನ್ ಇರಬೇಕು, ಪೋರ್ಟ್ 4400. ಡಿದರ್ ಮಾಡುವಾಗ (ಎರಡು ಚಿತ್ರಗಳ ನಡುವೆ ಟೆಲಿಸ್ಕೋಪನ್ನು ತುಸು ಸರಿಸುವಾಗ) ನೀನಾ ಕಾಯುವುದು ಈ ದಾರಿಯ ಉತ್ತರಕ್ಕೇ.

ಇನ್ನು ದಾರಿಯ ಇಕ್ಕಟ್ಟು. 6248×4176 ಪಿಕ್ಸೆಲ್‌ನ ಕ್ಯಾಮೆರಾ 16 ಬಿಟ್‌ನಲ್ಲಿ ಒಂದು ಫ್ರೇಮ್‌ಗೆ ಸುಮಾರು 52 ಎಂಬಿ ಕಳಿಸುತ್ತದೆ. ಯುಎಸ್‌ಬಿ 3ರಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಸೆಕೆಂಡಿಗೆ 35–40 ಎಂಬಿಯಷ್ಟೇ ಸಾಗಿಸುವ ಯುಎಸ್‌ಬಿ 2ರಲ್ಲಿ ಒಂದೂವರೆ ಸೆಕೆಂಡ್. ಗೈಡ್ ಕ್ಯಾಮೆರಾ ಕೂಡ ಅದೇ ಅಗ್ಗದ ಯುಎಸ್‌ಬಿ ಹಬ್‌ನಲ್ಲಿದ್ದರೆ ಆ ಹೊತ್ತಿಗೆ ಅದರ ಫ್ರೇಮ್ ತಪ್ಪಿಹೋಗುತ್ತದೆ. ಗುರುತು ಸುಲಭ: ಪಿಎಚ್‌ಡಿ 2ರಲ್ಲಿ ಎಚ್ಚರಿಕೆ ಬರುವುದು ಪ್ರತಿ ಸಲವೂ ಮುಖ್ಯ ಕ್ಯಾಮೆರಾದ ಎಕ್ಸ್‌ಪೋಶರ್ ಮುಗಿದ ಕ್ಷಣಕ್ಕೆ. ಗೈಡ್ ಕ್ಯಾಮೆರಾವನ್ನು ಲ್ಯಾಪ್‌ಟಾಪಿನ ಬೇರೆ ಪೋರ್ಟ್‌ಗೆ ನೇರವಾಗಿ ಹಾಕಿ. ಆಗದಿದ್ದರೆ ಮುಖ್ಯ ಕ್ಯಾಮೆರಾದ ಯುಎಸ್‌ಬಿ ಲಿಮಿಟ್ (ಶಾರ್ಪ್‌ಕ್ಯಾಪ್‌ನಲ್ಲಿ ಟರ್ಬೊ ಯುಎಸ್‌ಬಿ) 40ಕ್ಕೆ ಇಳಿಸಿ. ಹಬ್ ಬೇಕೇ ಬೇಕೆಂದರೆ ಪ್ರತ್ಯೇಕ ಪವರ್ ಇರುವುದನ್ನೇ ತನ್ನಿ. ಯುಎಸ್‌ಬಿ 3 ಕೇಬಲ್ 3 ಮೀಟರ್ ದಾಟಿಸಬೇಡಿ. ವೈಫೈ ಅಥವಾ ವೈರ್‌ಲೆಸ್ ಮೌಸ್ ತಡವರಿಸಿದರೆ ಆಶ್ಚರ್ಯಪಡಬೇಡಿ: ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಬೀಳುತ್ತದೆ. ಮೌಸ್‌ನ ರಿಸೀವರ್ ಇನ್ನೊಂದು ಬದಿಗೆ ಹಾಕಿದರೆ ಸಾಕು.

ಗ್ರಹಗಳ ವಿಡಿಯೊದಲ್ಲಿ ಇಕ್ಕಟ್ಟು ಡಿಸ್ಕ್‌ಗೆ ಬರುತ್ತದೆ. 640×480, 8 ಬಿಟ್, ಸೆಕೆಂಡಿಗೆ 200 ಫ್ರೇಮ್ ಎಂದರೆ 61 ಎಂಬಿ. 1920×1080ರಲ್ಲಿ 100 ಫ್ರೇಮ್ ಎಂದರೆ 207 ಎಂಬಿ, ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ಗೆ ಅಸಾಧ್ಯ. ಎಸ್‌ಎಸ್‌ಡಿ ಇದ್ದೂ ಫ್ರೇಮ್ ತಪ್ಪಿಹೋದರೆ ಆಂಟಿವೈರಸ್ ನೋಡಿ. ಹೊಸ ಫೈಲ್ ಕಂಡೊಡನೆ ಅದು ಓದಲು ಕೂರುತ್ತದೆ. ವಿಂಡೋಸ್ ಸೆಕ್ಯೂರಿಟಿಯಲ್ಲಿ ಚಿತ್ರ ಉಳಿಸುವ ಫೋಲ್ಡರ್‌ಗೆ ವಿನಾಯಿತಿ ಕೊಡಿ. ಆ ಫೋಲ್ಡರ್ ಡಾಕ್ಯುಮೆಂಟ್ಸ್ ಒಳಗೆ ಬೇಡ, ಒನ್‌ಡ್ರೈವ್ ಅದನ್ನು ಮೊಬೈಲ್ ಡೇಟಾದಲ್ಲಿ ಮೇಲೆ ಕಳಿಸಲು ಹೊರಡುತ್ತದೆ.

ಚಿತ್ರ ಬರುತ್ತಿದ್ದಂತೆ ಲೈವ್ ಸ್ಟ್ಯಾಕಿಂಗ್ (ಚಿತ್ರಗಳನ್ನು ಆಗಿಂದಾಗಲೇ ಒಂದರ ಮೇಲೊಂದು ಸೇರಿಸುವುದು) ನೋಡುವ ಆಸೆಗೆ ಎರಡನೇ ತಂತ್ರಾಂಶವನ್ನು ಕ್ಯಾಮೆರಾಕ್ಕೆ ಜೋಡಿಸುವ ಪ್ರಯತ್ನವನ್ನೇ ಬಿಡಿ. ಕ್ಯಾಮೆರಾ ನೀನಾ ಕೈಯಲ್ಲೇ ಇರಲಿ, ಫೈಲ್ ಹಂಚಿಕೊಳ್ಳಿ. ಸಿರಿಲ್ ಮತ್ತು ಆಸ್ಟ್ಯಾಪ್ ಎರಡೂ ಒಂದು ಫೋಲ್ಡರನ್ನು ಕಾಯುತ್ತಾ, ಹೊಸ ಫೈಲ್ ಬಿದ್ದೊಡನೆ ಸೇರಿಸಿಕೊಳ್ಳುತ್ತವೆ. ಹಾಗೆ ನೋಡುವಾಗ ಕುದುರೆ ತಲೆ ನೀಹಾರಿಕೆಯ ಮೇಲೆ ಉದ್ದುದ್ದ ಗೆರೆ ಕಂಡರೆ ಕ್ಯಾಮೆರಾ ಕೆಟ್ಟಿತೆಂದು ರೀಕನೆಕ್ಟ್ ಒತ್ತಬೇಡಿ. ನಮ್ಮ ಅಕ್ಷಾಂಶದಿಂದ ಭೂಸ್ಥಿರ ಉಪಗ್ರಹಗಳು ಆಕಾಶದಲ್ಲಿ ಮೈನಸ್ 2.3 ಡಿಗ್ರಿಯ (ಆಕಾಶದ ಸಮಭಾಜಕ ವೃತ್ತಕ್ಕಿಂತ ಅಷ್ಟು ದಕ್ಷಿಣಕ್ಕೆ) ಆಸುಪಾಸಿನಲ್ಲಿ ಕಾಣುತ್ತವೆ, ಆ ನೀಹಾರಿಕೆ ಇರುವುದೂ ಅಲ್ಲೇ. 120 ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ಗೆರೆ ಅರ್ಧ ಡಿಗ್ರಿ ಉದ್ದ. ಹಾಸನದ ಎಂಸಿಎಫ್‌ನಿಂದ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಿಂದ) ನಿಯಂತ್ರಿಸುವ ಉಪಗ್ರಹವೇ ಹಾಸನದವರ ಚಿತ್ರಕ್ಕೆ ಅಡ್ಡ ಬಂದಿದ್ದರೂ ಇರಬಹುದು! ಹತ್ತಿಪ್ಪತ್ತು ಚಿತ್ರ ಸೇರಿಸಿ ಸಿಗ್ಮಾ ಕ್ಲಿಪಿಂಗ್ (ಉಳಿದ ಚಿತ್ರಗಳಿಗೆ ಹೊಂದದ ಪಿಕ್ಸೆಲ್ ಕೈಬಿಡುವ ಆಯ್ಕೆ) ಕೊಟ್ಟರೆ ಮಾಯ.

ಕೊನೆಯದು ವಿಂಡೋಸ್‌ನ ಉಳಿತಾಯ ಬುದ್ಧಿ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಅನುಮತಿಯ ಟಿಕ್ ತೆಗೆಯಿರಿ. ಅಪ್‌ಡೇಟ್ ಒಂದು ವಾರ ತಡೆದಿಡಿ. ಡಿಸೆಂಬರ್–ಜನವರಿಯಲ್ಲಿ ಹತ್ತು ಗಂಟೆಗೆಲ್ಲ ಇಬ್ಬನಿ ಇಳಿಯುತ್ತದೆ, ಕೀಬೋರ್ಡ್ ನೆನೆಯುತ್ತದೆ ಅಂತ ಲ್ಯಾಪ್‌ಟಾಪ್ ಮುಚ್ಚಳ ಹಾಕಿ ಮೇಲೊಂದು ಟವೆಲ್ ಹೊದಿಸುವುದು ಎಲ್ಲರ ರೂಢಿ. ಮುಚ್ಚಳ ಹಾಕಿದೊಡನೆ ಸ್ಲೀಪ್, ಸ್ಲೀಪ್ ಎಂದರೆ ಕ್ಯಾಮೆರಾ, ಮೌಂಟ್, ಗೈಡಿಂಗ್ ಎಲ್ಲ ಒಟ್ಟಿಗೆ ಬಂದ್. ಮುಚ್ಚಳ ಹಾಕಿದಾಗ ‘ಡು ನಥಿಂಗ್’ ಎಂದು ಮೊದಲೇ ಆರಿಸಿಟ್ಟಿರಿ, ಚಾರ್ಜಿಂಗ್ ಮತ್ತು ಬ್ಯಾಟರಿ ಎರಡೂ ಕಾಲಂನಲ್ಲಿ. ಟವೆಲ್ ಮಾತ್ರ ಬಿಸಿಗಾಳಿ ಹೊರಬರುವ ಕಿಂಡಿಯನ್ನು ಮುಚ್ಚದಿರಲಿ.